ಮಚ್ಚು ಕತ್ತಿಗಳ ಸಾಣೆಗೆ ತಕ್ಕ ಮರಳುಕಾಗದ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಬ್ಬು ಕಡಿಯುವುದಕ್ಕೂ ತೋಟ ಸವರುವುದಕ್ಕೂ ಹರಿತವಾದ ಮಚ್ಚು ಕತ್ತಿಗಳು ಅವಶ್ಯಕ. ಹೊಸ ಮಚ್ಚು ಥಳಥಳಿಸುತ್ತಿದ್ದರೂ ಎರಡೇ ದಿನಗಳಲ್ಲಿ ಮೊಂಡಾದರೆ ರೈತನು ಉಕ್ಕನ್ನು ದೂರುವನು. ಅನೇಕ ವೇಳೆ ದೋಷವು ಉಕ್ಕಿನಲ್ಲಿರದೆ ಸಾಣೆಯಲ್ಲಿರುತ್ತದೆ.

ಹಿಂದೆ ಕುರುಂದದ ಪುಡಿಯನ್ನು ಅರಗಿನಲ್ಲಿ ಬೆರೆಸಿ ಸಾಣೆಯ ಚಕ್ರವನ್ನು ಮಾಡುತ್ತಿದ್ದರು. ಈಗ ವಿದ್ಯುಚ್ಛಕ್ತಿಯಿಂದ ತಿರುಗುವ ತಟ್ಟೆಗೆ ಮರಳುಕಾಗದವನ್ನು ಅಂಟಿಸಿ ಉಜ್ಜುವ ಯಂತ್ರಗಳುಂಟು. ಹೆಸರು ಮರಳುಕಾಗದವಾದರೂ ಉಕ್ಕಿಗೆ ತಕ್ಕುದು ಅಲ್ಯೂಮಿನಿಯಂ ಆಕ್ಸೈಡಿನ ಹರಳುಳ್ಳ ಕಾಗದ. ಕುರುಂದವೂ ಇದೇ ದ್ರವ್ಯ.

ಕಾಗದದ ಬೆನ್ನಿನ ಮೇಲೆ ಅಂಕಿ ಅಚ್ಚಾಗಿರುತ್ತದೆ. ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣದು. 60ರ ಹರಳು ಸುಮಾರು ಕಾಲು ಮಿಲಿಮೀಟರು. 120ರದು ಅದರ ಅರ್ಧ.

ಹದ ಕೊಡುವುದಕ್ಕೆ ಮೊದಲು 60ರಿಂದ ರೂಪು ತೆಗೆಯತಕ್ಕದ್ದು. ಆಗ ಅಲಗಿನ ಬಾಯಿಯನ್ನು ತೀರ ತೆಳುವಾಗಿಸಿದರೆ ಹದ ಕೊಡುವಾಗ ಅದು ಸೊಟ್ಟಗಾಗಬಹುದು. ಆದಕಾರಣ ಸುಮಾರು ಒಂದು ಮಿಲಿಮೀಟರು ದಪ್ಪ ಉಳಿಸುವುದು ಮೇಲು. ಆಳವಾದ ಗೀರುಗಳಿಂದ ಬಿರುಕು ಹುಟ್ಟುವ ಸಂಭವವಿರುವುದರಿಂದ ಅವನ್ನು 120ರಿಂದ ಅಳಿಸಬೇಕು. ಹದವಾದ ಮೇಲೆ ಹೊಸ 120, ಅನಂತರ 240, ಕಡೆಗೆ 400 ಸಾಕು. 60ರಿಂದ ಒಮ್ಮೆಲೇ 400ಕ್ಕೆ ಹಾರಿದರೆ ಗೀರು ಹೋಗದು; ಕಾಗದ ಮಾತ್ರ ವ್ಯರ್ಥ. ಪ್ರತಿಯೊಂದು ಅಂಕಿಗೂ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಗೀರು ಉಳಿದಿರುವುದು ಕಣ್ಣಿಗೆ ಕಾಣುವುದು.

ಮುಖ್ಯವಾದ ಮಾತು ಇದು. ಸವೆದ ಕಾಗದವು ಕತ್ತರಿಸದೆ ಬರಿದೆ ತಿಕ್ಕುತ್ತದೆ, ಅಲಗು ಕಾಯುತ್ತದೆ. ಸಣ್ಣ ಹರಳಿನ ಕಾಗದವೂ ಹೀಗೆಯೇ ಬೇಗ ಕಾವೇರಿಸುವುದು. ತಟ್ಟೆಯ ಅಂಚು ನಡುವಿಗಿಂತ ವೇಗವಾಗಿ ಸಾಗುವುದರಿಂದ ಅಲ್ಲಿ ಕಾವು ಇನ್ನೂ ಅಧಿಕ. ಅಲಗಿಗೆ ನೀಲಿ ಬಣ್ಣ ಬಂದರೆ ಕಾವು ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಏರಿ ಉಕ್ಕು ಮೆತ್ತಗಾಯಿತೆಂದು ತಿಳಿಯತಕ್ಕದ್ದು. ಆ ಬಣ್ಣವನ್ನು 400ರ ಕಾಗದವು ಕ್ಷಣದಲ್ಲಿ ಅಳಿಸಿಬಿಡುವುದು. ಹೋದ ಗಡಸುತನವನ್ನು ಯಾವ ಕಾಗದವೂ ಮರಳಿ ತಾರದು. ಹೊಳಪನ್ನು ನೋಡಿ ಕೊಂಡವನು ಮೋಸಹೋಗುವುದು ಇಲ್ಲಿಯೇ.

ಆದಕಾರಣ ಹದವಾದ ಅಲಗನ್ನು ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಟ್ಟಿದೊಡನೆ ನೀರಿನಲ್ಲಿ ಅದ್ದಬೇಕು. ಸಣ್ಣ ಹರಳಿಗೆ ತಟ್ಟೆಯ ವೇಗವನ್ನು ತಗ್ಗಿಸಬೇಕು. ತಟ್ಟೆಯು ಕೆಳಮುಖವಾಗಿ ಸಾಗುವ ಪಕ್ಕದಲ್ಲಿಯೇ ಉಜ್ಜಬೇಕು. ಮೇಲ್ಮುಖವಾದ ಪಕ್ಕವು ಕತ್ತಿಯನ್ನು ಎತ್ತಿ ಎಸೆಯಬಲ್ಲದು. ಕಣ್ಣಿಗೆ ಕನ್ನಡಕ, ಮೂಗು ಬಾಯಿಗಳಿಗೆ ಧೂಳು ತಡೆಯುವ ಮುಸುಕು ಇರತಕ್ಕದ್ದು.

ಗ್ರಾಮದ ಮುಖಂಡರು ಸುಗ್ಗಿಗೆ ಮುಂಚೆಯೇ ಕಮ್ಮಾರನ ಬಳಿ ಈ ನಾಲ್ಕು ಅಂಕಿಗಳ ಕಾಗದವೂ ಸಾಕಷ್ಟು ಇರುವಂತೆ ನೋಡಿಕೊಳ್ಳಲಿ; ಸವೆದ ಹಾಳೆಯನ್ನು ಬಿಸುಡಲು ಅವನು ಹಿಂಜರಿಯದಿರಲಿ. ಕೊಳ್ಳುವವರು ಸಾಣೆ ಹಿಡಿಯುವಾಗಲೇ ಎದುರು ನಿಂತು ನೋಡಲಿ. ಒಂದು ಹಾಳೆಯ ಬೆಲೆ ಅಲ್ಪ. ಕೊಯ್ಲಿನ ನಡುವೆ ಕೆಟ್ಟ ಒಂದು ದಿನದ ಬೆಲೆ ಅಲ್ಪವಲ್ಲ.