ಹುಚ್ಚ ಎನ್ನುವ ಮುನ್ನ
(ಪವಿತ್ರಾತ್ಮರ ಆಗಮನದ ಹಬ್ಬದ ಪ್ರಬೋಧನೆ, ಕಡೂರು)



ಇಂದಿನ ಮೊದಲ ವಾಚನ ಹನ್ನೊಂದನೆಯ ವಚನಕ್ಕೆ ನಿಂತುಬಿಡುತ್ತದೆ. ಮನೆಗೆ ಹೋಗಿ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕ ತೆರೆದು ಇನ್ನೆರಡು ವಚನ ಓದಿ ನೋಡಿ. ಪವಿತ್ರಾತ್ಮಭರಿತರಾಗಿ ಮಾತನಾಡುತ್ತಿದ್ದ ಪ್ರೇಷಿತರನ್ನು ಕಂಡು ಕೆಲವರು, ಇವರು ಕುಡಿದಿದ್ದಾರೆ ಎಂದು ಗೇಲಿ ಮಾಡಿದರು. ಪೇತ್ರರು ಎದ್ದು ನಿಂತು ಕೊಟ್ಟ ಮೊದಲ ಉತ್ತರ ದೊಡ್ಡ ದೈವಶಾಸ್ತ್ರವೇನಲ್ಲ: ಇನ್ನೂ ಬೆಳಗಿನ ಒಂಬತ್ತು ಗಂಟೆ, ಈಗಲೇ ಯಾರು ಕುಡಿಯುತ್ತಾರೆ! ಧರ್ಮಸಭೆಯ ಮೊಟ್ಟಮೊದಲ ಪ್ರಬೋಧನೆ ಆರಂಭವಾದದ್ದು ಹೀಗೆ.

ನಮಗೆ ಅರ್ಥವಾಗದವರಿಗೆ ಒಂದು ಹೆಸರು ಹಚ್ಚಿಬಿಟ್ಟರೆ ಅವರ ಮಾತನ್ನು ಕೇಳುವ ಕಷ್ಟ ತಪ್ಪುತ್ತದೆ. ಯೇಸುಸ್ವಾಮಿಯನ್ನೂ ಜನ ಬಿಡಲಿಲ್ಲ. ಅವರಿಗೆ ಬುದ್ಧಿ ಕೆಟ್ಟಿದೆ ಎಂಬ ಮಾತು ಕೇಳಿ ಸ್ವಂತ ಬಂಧುಗಳೇ ಹಿಡಿದು ತರಲು ಹೊರಟರೆಂದು ಮಾರ್ಕ ಮೂರನೆಯ ಅಧ್ಯಾಯದಲ್ಲಿ ಬರೆಯುತ್ತಾರೆ. ಪೌಲರು ವಿಚಾರಣೆಯಲ್ಲಿ ನಿಂತಾಗ ರಾಜ್ಯಪಾಲ ಫೆಸ್ತನು, ಹೆಚ್ಚು ಓದಿ ನಿನಗೆ ತಲೆ ಕೆಟ್ಟಿದೆ ಎಂದು ಕೂಗಿದ. ಅಲ್ಲಿ ಗ್ರೀಕ್ ಮೂಲದಲ್ಲಿರುವ ಪದ 'ಮನಿಯಾ'. ಇಂದು ವೈದ್ಯರು ಚೀಟಿಯಲ್ಲಿ ಬರೆಯುವ 'ಮೇನಿಯಾ' ಅದೇ ಪದ. ಕನ್ನಡದಲ್ಲಿ ಅದಕ್ಕೆ ಉನ್ಮಾದ ಎನ್ನುತ್ತಾರೆ. ಮದ ಎಂದರೆ ಅಮಲು. ಅಮಲು ಮೇರೆ ಮೀರಿ ಉಕ್ಕಿದರೆ ಉನ್ಮಾದ.

ಆದರೆ ನಮ್ಮ ಬೀದಿಯ ಮಾತು ಹುಚ್ಚು. ಈ ಪದ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ರಾಗಿ ಹೊಲದಲ್ಲಿ ಹಳದಿ ಹೂ ಬಿಡುವುದು ಹುಚ್ಚೆಳ್ಳು; ಹೆಸರಿಗೆ ಎಳ್ಳು, ನಿಜಕ್ಕೂ ಎಳ್ಳಲ್ಲ. ಆದರೂ ಅದರ ಚಟ್ನಿಪುಡಿಯನ್ನು ಯಾರೂ ಬೇಡ ಎನ್ನುವುದಿಲ್ಲ. ಹುಚ್ಚಾಪಟ್ಟೆ ಬಿಸಿಲು, ಹುಚ್ಚು ಮಳೆ, ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು. ತಾಯಿ ಮಗುವನ್ನು ಮುದ್ದಿಸುವಾಗಲೂ 'ಹುಚ್ಚಪ್ಪ' ಎನ್ನುತ್ತಾಳೆ. ಕೊಂಕಣಿ ಮನೆಗಳಲ್ಲಿ 'ಪಿಸೊ', ತಮಿಳು ಮನೆಗಳಲ್ಲಿ 'ಪೈತ್ಯ'. ಇಷ್ಟು ಸಲೀಸಾದ ಪದ ಒಬ್ಬ ನಿಜವಾದ ರೋಗಿಯ ಮೇಲೆ ಬಿದ್ದರೆ ಮಾತ್ರ ಮತ್ತೆ ಏಳುವುದಿಲ್ಲ. ಅಣ್ಣನಿಗೆ ಬಿದ್ದರೆ ತಂಗಿಯ ಮದುವೆಯ ಮಾತುಕತೆ ನಿಲ್ಲುತ್ತದೆ. ಆದ್ದರಿಂದ ಮನೆಯವರು ಆತನನ್ನು ಒಳಕೋಣೆಗೆ ಸೇರಿಸುತ್ತಾರೆ, ಹಬ್ಬದ ಪೂಜೆಗೆ ಉಳಿದವರು ಮಾತ್ರ ಬರುತ್ತಾರೆ.

ಹೆಸರು ಬದಲಾಯಿಸಿದರೆ ಸಾಲದೇ ಎಂದು ಕೇಳಬಹುದು. ಮೈಸೂರು ಸರ್ಕಾರ 1925ರಲ್ಲೇ ಅದನ್ನು ಮಾಡಿತ್ತು. ಬೆಂಗಳೂರಿನ 'ಲ್ಯುನಾಟಿಕ್ ಅಸೈಲಮ್' ಎಂಬ ಹೆಸರು ತೆಗೆದು 'ಮೆಂಟಲ್ ಹಾಸ್ಪಿಟಲ್' ಎಂದಿತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ನಾವೇನು ಮಾಡಿದೆವು? 'ಮೆಂಟಲ್' ಎಂಬುದನ್ನೇ ಬೈಗುಳ ಮಾಡಿಕೊಂಡೆವು. ಈಗ 'ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂದು ನಗುತ್ತೇವೆ. ದೂರದೂರದಿಂದ ಬಂದ ರೋಗಿಗಳು ಗುಣಮುಖರಾಗಿ ಮನೆಗೆ ಮರಳುವ ಆಸ್ಪತ್ರೆ ಅದು!

ಇನ್ನೊಂದು ಮಾತನ್ನು ಗುರುವಾಗಿ ನಾನೇ ಹೇಳಬೇಕು. ಒಬ್ಬ ಹುಡುಗ ವಾರಗಟ್ಟಲೆ ನಿದ್ದೆಯಿಲ್ಲದೆ ಓಡಾಡುತ್ತಾನೆ, ನಿಲ್ಲಿಸದೆ ಮಾತನಾಡುತ್ತಾನೆ, ಇದ್ದ ಹಣವನ್ನೆಲ್ಲ ಚೆಲ್ಲುತ್ತಾನೆ, ತಾನೇ ಪ್ರವಾದಿ ಎನ್ನುತ್ತಾನೆ. ಕೂಡಲೇ 'ದೆವ್ವ' ಎಂದುಬಿಡುತ್ತೇವೆ. ಧರ್ಮಸಭೆ ಹಾಗೆ ಹೇಳುವುದಿಲ್ಲ. ದೆವ್ವ ಬಿಡಿಸುವ ವಿಧಿಗೆ ಮುಂಚೆ ಇದು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೆಯ ಪರಿಚ್ಛೇದ ಹೇಳುತ್ತದೆ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿ ನಡೆಸುವಂತಿಲ್ಲ. ಅದು ಧರ್ಮಸಭೆಯ ಕಾನೂನಿನ 1172ನೆಯ ವಿಧಿ. ಪ್ರಾರ್ಥನೆ ಬೇಕು, ಜಪಸರವೂ ಬೇಕು. ಆದರೆ ಧ್ಯಾನಕೂಟದಿಂದ ಬಂದವರು 'ಇನ್ನು ಮಾತ್ರೆ ಬೇಡ' ಎಂದರೆ ದಯವಿಟ್ಟು ಕೇಳಬೇಡಿ. ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ಕಟ್ಟಿಹಾಕುವುದಂತೂ ಬೇಡವೇ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು; ಸತ್ತವರು 28 ಮಂದಿ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಬೆಂಗಳೂರಿನವರೆಗೆ ಹೋಗಲಾಗದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ.

ನಿಜವಾಗಿ ಹೆದರಬೇಕಾದ ಹುಚ್ಚು ಬೇರೆ ಇದೆ. ಯೇಸುವನ್ನು ಶಿಲುಬೆಗೇರಿಸು ಎಂದು ಕೂಗಿದವರೆಲ್ಲ ಆರೋಗ್ಯವಂತರು. ಗುಂಪು ಸೇರಿ ಹುಚ್ಚೆದ್ದು ಇನ್ನೊಬ್ಬರ ಮನೆಗೆ ಕಲ್ಲು ತೂರುವವರೂ ಮರುದಿನ ನೆಟ್ಟಗೆ ಅಂಗಡಿ ತೆರೆಯುತ್ತಾರೆ. ಅವರನ್ನು ಯಾರೂ ಒಳಕೋಣೆಗೆ ಹಾಕುವುದಿಲ್ಲ.

ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಕೂಗುತ್ತಿದ್ದ ಮನುಷ್ಯ ನಿಮಗೆ ನೆನಪಿರಬೇಕು. ಗುಣವಾದ ಮೇಲೆ ಆತ ಯೇಸುವಿನ ಜೊತೆಗೇ ಬರುತ್ತೇನೆಂದು ಬೇಡಿಕೊಂಡ. ಯೇಸುಸ್ವಾಮಿ ಒಪ್ಪಲಿಲ್ಲ; ನಿನ್ನ ಮನೆಯವರ ಬಳಿಗೆ ಹೋಗು ಎಂದು ಕಳುಹಿಸಿದರು. ಮನೆಯವರು ಬಾಗಿಲು ತೆರೆದರೋ ಇಲ್ಲವೋ, ಮಾರ್ಕ ಬರೆದಿಲ್ಲ.

ಇಂದು ಯಾರನ್ನಾದರೂ ಮನೆಯಲ್ಲಿ ಬಿಟ್ಟು ಬಂದಿದ್ದರೆ ಪೂಜೆ ಮುಗಿದ ಮೇಲೆ ನನಗೊಂದು ಮಾತು ಹೇಳಿ. ಈ ವಾರವೇ ಪರಮಪ್ರಸಾದ ತೆಗೆದುಕೊಂಡು ಬರುತ್ತೇನೆ. ನೆರೆಯವರು ನೋಡುತ್ತಾರೆಂಬ ಸಂಕೋಚವಿದ್ದರೆ ಹಿತ್ತಲ ಬಾಗಿಲಿನಿಂದಲೇ ಬರುತ್ತೇನೆ.