ಹೊಸ ಕವನ ಸಂಗ್ರಹಗಳು ನಮಗೇನು ಕೊಡುತ್ತವೆ?
(ಕಮಲಾಪುರದಲ್ಲಿ ಮಾಡಿದ ಭಾಷಣದ ಸಾರ)



ಹೊಟ್ಟೆಪಾಡಿನವರಿಗೆ ಕವಿತೆಯೇಕೆ ಎಂದು ಕೇಳುವವರುಂಟು. 1975ರ ‘ಹೊಲೆಮಾದಿಗರ ಹಾಡು’ ಸಂಗ್ರಹದ ಕವಿ ಸಿದ್ಧಲಿಂಗಯ್ಯನವರ ಹಾಡುಗಳನ್ನು ಓದಲು ಬಾರದವರೂ ಮೆರವಣಿಗೆಗಳಲ್ಲಿ ಹಾಡಿದರು. ನಮ್ಮ ಚೆನ್ನಣ್ಣ ವಾಲೀಕಾರರು ಈ ಸೀಮೆಯ ಆಡುಮಾತನ್ನೇ ಕಾವ್ಯಕ್ಕೆ ತಂದರು. ರಾಯಚೂರು ಸೀಮೆಯ ಆರಿಫ್ ರಾಜಾರ ‘ಜಂಗಮ ಫಕೀರನ ಜೋಳಿಗೆ’ಗೆ 2012ರಲ್ಲಿ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಶರಣಬಸವೇಶ್ವರರ ಗುಡಿ, ಬಂದೇನವಾಜರ ದರ್ಗಾ ಎರಡೂ ಇರುವ ಕಲಬುರಗಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಎಂ.ಎಸ್.ಕೆ. ಮಿಲ್ಲಿನ ಭೋಂಗಾ ನಿಂತುಹೋಯಿತು. ಅಲ್ಲಿಯ ಬೆವರಿನ ನೆನಪನ್ನು ಹಾಜರಿ ಪುಸ್ತಕ ಉಳಿಸದು, ಕವಿತೆ ಉಳಿಸಬಲ್ಲದು.

ಕಮಲಾಪುರದ ಕೆಂಪು ಬಾಳೆಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂತೆ ಹೊಸ ಸಂಗ್ರಹವನ್ನೂ ನೋಡಿರಿ: ಇದರಲ್ಲಿ ನಮ್ಮ ಮಾತಿದೆಯೇ, ನಮ್ಮ ಬಾಳಿದೆಯೇ? ಇದ್ದರೆ ನಾಲ್ವರು ಕೂಡಿ ಒಂದು ಪ್ರತಿ ಕೊಂಡು ಗಟ್ಟಿಯಾಗಿ ಓದಿರಿ. ಇಲ್ಲದಿದ್ದರೆ ಕವಿಗೆ ಮುಖಕ್ಕೇ ಹೇಳಿರಿ.