ಯುದ್ಧಕ್ಕೆ ಮುನ್ನ ಕೇಳಬೇಕಾದ ಮಾತು
(ಜುಮಾ ಖುತ್ಬಾದ ಸಾರಾಂಶ, ಮೈಸೂರು)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು, ಸಹಾಬಿಗಳ ಮೇಲೂ ಸಲಾತ್, ಸಲಾಮ್.

ಆತ್ಮೀಯ ಸಹೋದರರೇ, ಬದ್ರ್‌ನ ವಿಜಯವನ್ನು ನಾವು ಹೇಳುತ್ತೇವೆ, ಅದರ ಮುನ್ನ ನಡೆದ ಸಮಾಲೋಚನೆಯನ್ನು ಬೇಗ ದಾಟಿಬಿಡುತ್ತೇವೆ. ಅನ್ಸಾರ್‌ಗಳು ಅಕಬಾದಲ್ಲಿ ಕೊಟ್ಟ ಮಾತು ಮದೀನದಲ್ಲಿ ಪ್ರವಾದಿ(ಸ)ರನ್ನು ರಕ್ಷಿಸುವುದಾಗಿತ್ತು. ಊರ ಹೊರಗೆ ಹೋಗಿ ಹೋರಾಡುವುದು ಅದರಲ್ಲಿರಲಿಲ್ಲ. ಆದ್ದರಿಂದ ಮುಹಾಜಿರರು ಒಪ್ಪಿದ ಮೇಲೂ ಪ್ರವಾದಿ(ಸ) ಮತ್ತೆ ಅಭಿಪ್ರಾಯ ಕೇಳಿದರು. ಸಅದ್ ಬಿನ್ ಮುಆದ್(ರ) ಎದ್ದು ಅನ್ಸಾರ್‌ಗಳ ಪರವಾಗಿ ಒಪ್ಪಿಗೆ ಕೊಟ್ಟ ಬಳಿಕವೇ ಮುಂದೆ ನಡೆದರು. ವಹೀ ಬರುತ್ತಿದ್ದವರೇ ಜನರ ಒಪ್ಪಿಗೆಗೆ ಕಾದರು!

ಒಪ್ಪಂದವಿರುವ ಜನರಿಂದ ವಂಚನೆಯ ಭಯವಿದ್ದರೂ ಒಪ್ಪಂದ ಮುಗಿಯಿತೆಂದು ಮೊದಲು ಬಹಿರಂಗವಾಗಿ ತಿಳಿಸಬೇಕೆಂಬುದು ಸೂರಃ ಅನ್‌ಫಾಲ್‌ನ 58ನೇ ವಚನದ ಆದೇಶ. ಮುಆವಿಯಾ(ರ) ರೋಮನ್ನರೊಡನೆ ಒಪ್ಪಂದವಿದ್ದಾಗ, ಅವಧಿ ಮುಗಿದ ಕೂಡಲೇ ಎರಗಲೆಂದು ಸೈನ್ಯವನ್ನು ಗಡಿಯತ್ತ ನಡೆಸಿದರು. ಅಮ್ರ್ ಬಿನ್ ಅಬಸಾ(ರ) ಕುದುರೆಯೇರಿ ಬಂದು ಪ್ರವಾದಿ(ಸ)ರ ಆದೇಶ ನೆನಪಿಸಿದರು. ಅಬೂದಾವೂದ್, ತಿರ್ಮಿದಿಯಲ್ಲಿರುವಂತೆ ಸೈನ್ಯ ಹಿಂತಿರುಗಿತು.

ಈಗ ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೆ ಬನ್ನಿ. ಗುಂಬಜ್‌ಗೆ ಮಕ್ಕಳನ್ನು ಕರೆದೊಯ್ಯುವ ನಾವು ಟಿಪ್ಪು ಸುಲ್ತಾನರ ಶೌರ್ಯ ಹೇಳುತ್ತೇವೆ. ಆ ಯುದ್ಧಕ್ಕೆ ಅಡ್ಡವಾಗಿ ಬ್ರಿಟಿಷರದೇ ಕಾನೂನೊಂದಿತ್ತೆಂದು ಹೇಳುವುದಿಲ್ಲ. 1784ರ ಪಿಟ್ಸ್ ಇಂಡಿಯಾ ಕಾಯ್ದೆ ಭಾರತದಲ್ಲಿ ರಾಜ್ಯ ಗೆಲ್ಲುವ ಯೋಜನೆಗಳು ತಮ್ಮ ದೇಶದ ಗೌರವಕ್ಕೆ ತಕ್ಕುದಲ್ಲ ಎಂದಿತ್ತು. ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡುವಂತಿರಲಿಲ್ಲ. ಆದರೆ ಒಂದು ವಿನಾಯಿತಿ: ಎದುರಾಳಿ ದಾಳಿ ಮಾಡಿದ್ದರೆ, ಅಥವಾ ದಾಳಿಗೆ ಸಿದ್ಧತೆ ನಡೆಸಿದ್ದರೆ ಮಾಡಬಹುದು. 1789ರ ಕೊನೆಯಲ್ಲಿ ಸುಲ್ತಾನರು ತಿರುವಾಂಕೂರಿನ ಕೋಟೆಸಾಲಿನ ಮೇಲೆ ದಾಳಿ ಮಾಡಿದ್ದರಿಂದ ಕಾರ್ನ್‌ವಾಲಿಸ್‌ಗೆ ಕಾರಣ ಸಿಕ್ಕಿತು. ಅದನ್ನು ನಾವು ಮುಚ್ಚಿಡಬೇಕಿಲ್ಲ. 1799ರದು ಬೇರೆ. ಫ್ರೆಂಚರ ಕಡೆಯಿಂದ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇರಲಿಲ್ಲ. ಅದನ್ನೇ ವೆಲ್ಲೆಸ್ಲಿ 'ಸಿದ್ಧತೆ' ಎಂದ. ಫೆಬ್ರವರಿ 3ರಂದು ಜನರಲ್ ಹ್ಯಾರಿಸ್‌ಗೆ ಮೈಸೂರಿನತ್ತ ನಡೆಯಲು ಆದೇಶ ಹೋಯಿತು. ಯುದ್ಧದ ಘೋಷಣೆ ಹೊರಟದ್ದು ಫೆಬ್ರವರಿ 22ರಂದು. ಮೇ 4ಕ್ಕೆ ಕೋಟೆ ಬಿತ್ತು, ಸುಲ್ತಾನರು ಶಹೀದರಾದರು. ಸಿದ್ಧತೆ ಯಾವುದು ಎಂದು ತೀರ್ಮಾನಿಸುವವನೂ ಯುದ್ಧ ಬಯಸುವವನೂ ಒಬ್ಬನೇ ಆದರೆ ಕಾಯ್ದೆಗೆ ಏನು ಬೆಲೆ? ಅವನಿಗೆ ಸಿಕ್ಕಿದ್ದು ಶಿಕ್ಷೆಯಲ್ಲ, ಮಾರ್ಕ್ವೆಸ್ ಪದವಿ.

ನಮ್ಮ ಸಂವಿಧಾನದ 53ನೇ ವಿಧಿ ಸೇನೆಯ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ, ಕಾನೂನಿನ ಪ್ರಕಾರ ಚಲಾಯಿಸಬೇಕೆಂದಿದೆ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. 'ಯುದ್ಧ ಮತ್ತು ಶಾಂತಿ' ಕೇಂದ್ರಪಟ್ಟಿಯ 15ನೇ ಬಾಬು. ಆದರೆ ಯುದ್ಧಕ್ಕೆ ಮುನ್ನ ಸಂಸತ್ತಿನ ಮತ ಬೇಕೆಂದು ಯಾವ ವಿಧಿಯೂ ಹೇಳುವುದಿಲ್ಲ. 352ನೇ ವಿಧಿಯ ತುರ್ತುಪರಿಸ್ಥಿತಿಗೆ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು, ಯುದ್ಧಕ್ಕೆ ಬೇಡ! ಈ ಖಾಲಿ ಜಾಗವನ್ನು ತುಂಬುವುದು ಪ್ರಶ್ನೆ ಕೇಳುವ ರೂಢಿ. 1962ರಲ್ಲಿ ಚೀನಾ ಯುದ್ಧ ನಡೆಯುತ್ತಿರುವಾಗಲೇ, ವಿರೋಧ ಪಕ್ಷದವರು ಒತ್ತಾಯಿಸಿದ್ದರಿಂದ ಸಂಸತ್ ಅಧಿವೇಶನವನ್ನು ಮುಂಚೆಯೇ, ನವೆಂಬರ್ 8ಕ್ಕೆ ಕರೆಯಲಾಯಿತು. 1999ರ ಕಾರ್ಗಿಲ್ ಯುದ್ಧವನ್ನು ಯಾರೂ ಘೋಷಿಸಲಿಲ್ಲ. ಆಗ ಲೋಕಸಭೆ ವಿಸರ್ಜನೆಯಾಗಿತ್ತು, ರಾಜ್ಯಸಭೆಯನ್ನಾದರೂ ಕರೆಯಿರಿ ಎಂಬ ಬೇಡಿಕೆ ಈಡೇರಲಿಲ್ಲ.

ಪ್ರಶ್ನೆ ಕೇಳಿದರೆ ನಮ್ಮ ನಿಷ್ಠೆಯನ್ನೇ ಅನುಮಾನಿಸುವರೆಂದು ನಮ್ಮ ಯುವಕರು ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಆದರೂ ನಮ್ಮ ಸಂಸದರಿಗೆ ಪತ್ರ ಬರೆದು ಚರ್ಚೆ ಕೇಳುವುದು ಪ್ರತಿ ಮತದಾರನ ಹಕ್ಕು, ನಮ್ಮದೂ ಹೌದು. ಪರಿಶೀಲಿಸದ ಯುದ್ಧದ ವಿಡಿಯೋಗಳನ್ನು ಮೊಬೈಲಿನಲ್ಲಿ ಹಂಚುವುದನ್ನಂತೂ ಇಂದೇ ನಿಲ್ಲಿಸೋಣ. ಸೂರಃ ಹುಜುರಾತ್ ಸುದ್ದಿಯನ್ನು ಪರಿಶೀಲಿಸಲು ಆಜ್ಞಾಪಿಸಿದೆ.

ಇಂದಿನ ದುಆದಲ್ಲಿ ಗಡಿಯ ಸೈನಿಕರನ್ನೂ, ಗುಂಡಿನ ಸದ್ದಿಗೆ ಮನೆ ಬಿಡುವ ಗಡಿಯ ಹಳ್ಳಿಗರನ್ನೂ ಸೇರಿಸೋಣ. ಆಮೀನ್.